ಔಷಧದ ಲೆಕ್ಕ ಮತ್ತು ಲೆಕ್ಕ ಬರೆಯುವವರ ಮನಸ್ಸು

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ನಿಯಂತ್ರಣ’ ಎಂಬ ಪಾಠವಿದೆ. ನಿಯಂತ್ರಣದ ಮಿತಿಗಳನ್ನು ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ನಾಲ್ಕು ಅಂಶ ಬರೆಯುತ್ತೇವೆ. ಅವುಗಳಲ್ಲಿ ಒಂದು ‘ನೌಕರರ ಪ್ರತಿರೋಧ’. ಕೆಲಸದ ಜಾಗದಲ್ಲಿ ಸಿಸಿ ಕ್ಯಾಮೆರಾ ಹಾಕಿದರೆ ನೌಕರರು ಇಷ್ಟಪಡುವುದಿಲ್ಲ ಎಂದು ಒಂದು ಉದಾಹರಣೆ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಪ್ರತಿರೋಧ ಎಲ್ಲಿಂದ ಹುಟ್ಟುತ್ತದೆ, ಅದು ಹುಟ್ಟಿದ ಮೇಲೆ ಲೆಕ್ಕದ ಪುಸ್ತಕಕ್ಕೆ ಏನಾಗುತ್ತದೆ ಎಂದು ಕೇಳುವಷ್ಟು ಸಮಯ ನಮಗೆ ಇರುವುದಿಲ್ಲ. ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಒಂದೇ ಜಾಗದಲ್ಲಿ ಇಟ್ಟು ನೋಡಿದ್ದೇನೆ. ಆ ಜಾಗ ಆಸ್ಪತ್ರೆ. ಅಲ್ಲಿಯ ದಾಸ್ತಾನು ಔಷಧ.

ಆಸ್ಪತ್ರೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಿರಾಣಿ ಅಂಗಡಿಯಲ್ಲಿ ದಾಸ್ತಾನಿನ ಲೆಕ್ಕ ತಪ್ಪಿದರೆ ಮಾಲೀಕರಿಗೆ ನಷ್ಟ. ಆಸ್ಪತ್ರೆಯಲ್ಲಿ ತಪ್ಪಿದರೆ ಲೆಕ್ಕಕ್ಕೂ ತನಗೂ ಸಂಬಂಧವೇ ಇಲ್ಲದ ಒಬ್ಬ ರೋಗಿಗೆ ನಷ್ಟ. ಉಡುತಡಿಯ ಸುತ್ತಿನ ಜನ ಜ್ವರ ಬಂದರೆ ಶಿರಾಳಕೊಪ್ಪಕ್ಕೆ ಹೋಗುತ್ತಾರೆ, ಜಾಸ್ತಿಯಾದರೆ ಶಿಕಾರಿಪುರಕ್ಕೆ, ಇನ್ನೂ ಜಾಸ್ತಿಯಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಸೊರಬದ ಕಡೆಯವರ ದಾರಿಯೂ ಕೊನೆಗೆ ಅಲ್ಲಿಗೇ ಸೇರುತ್ತದೆ. ಎಲ್ಲೇ ಹೋಗಲಿ, ‘ಇದು ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂಬ ಮಾತನ್ನು ಕೇಳದ ಮನೆ ನಮ್ಮ ಕಡೆ ಕಡಿಮೆ. ಅಡಿಕೆ ಸುಲಿಯಲು ಹೋಗುವವರಿಗೆ, ಶುಂಠಿ ಗದ್ದೆಗೆ ಕೂಲಿ ಹೋಗುವವರಿಗೆ ಆ ಒಂದು ಚೀಟಿ ಎಂದರೆ ದಿನದ ಕೂಲಿಯೇ ಹೋದಂತೆ.

ಉಡುತಡಿ ಎಂದರೆ ಎಲ್ಲರಿಗೂ ಅಕ್ಕಮಹಾದೇವಿಯವರ ನೆನಪು. ಅದರ ನೆರೆಯ ಬಳ್ಳಿಗಾವಿಯಲ್ಲಿ ಇನ್ನೊಂದು ನೆನಪಿದೆ. ಅಲ್ಲಿಯ ಕೋಡಿಮಠದ 1162ರ ಶಾಸನ ಆ ಮಠ ಏನೇನಕ್ಕೆ ನೆಲೆಯಾಗಿತ್ತು ಎಂದು ಉದ್ದನೆಯ ಪಟ್ಟಿ ಕೊಡುತ್ತದೆ. ವೇದ, ವ್ಯಾಕರಣ, ಪುರಾಣಗಳನ್ನು ಓದುವ ಜಾಗ, ದೀನರಿಗೂ ಕುರುಡರಿಗೂ ಕಿವುಡರಿಗೂ ಅನ್ನ ಸಿಗುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ ಎಂದು ಆ ಪಟ್ಟಿ ಸಾಗುತ್ತದೆ. ಅಂದರೆ ಕಾಯಿಲೆಯವರಿಗೆ ಔಷಧ ಹಂಚುವ ಕೆಲಸ ನಮ್ಮ ನೆಲಕ್ಕೆ ಎಂಟುನೂರು ವರ್ಷಕ್ಕೂ ಹಳೆಯದು. ಹಂಚುವ ಕ್ರಮ ಮಾತ್ರ ಬದಲಾಗುತ್ತ ಬಂದಿದೆ.

ಔಷಧ ನಡೆಯುವ ದಾರಿ

ಸರ್ಕಾರಿ ಆಸ್ಪತ್ರೆಯ ಒಂದು ಮಾತ್ರೆ ರೋಗಿಯ ಕೈಗೆ ಬರುವ ಮುನ್ನ ಹಲವು ಕೈ ದಾಟುತ್ತದೆ. ನಮ್ಮ ರಾಜ್ಯದಲ್ಲಿ ಔಷಧಗಳನ್ನು ಟೆಂಡರ್ ಕರೆದು ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಅಲ್ಲಿಂದ ಜಿಲ್ಲಾ ಮಟ್ಟದ ಉಗ್ರಾಣ, ಉಗ್ರಾಣದಿಂದ ಆಸ್ಪತ್ರೆಯ ಮುಖ್ಯ ಸ್ಟೋರ್, ಸ್ಟೋರಿನಿಂದ ಫಾರ್ಮಸಿ ಕಿಟಕಿಗೆ ಅಥವಾ ವಾರ್ಡಿಗೆ, ವಾರ್ಡಿನಿಂದ ಮಂಚದ ಪಕ್ಕಕ್ಕೆ. ಪ್ರತಿ ಹಂತದಲ್ಲೂ ಕೆಳಗಿನವರು ಇಂಡೆಂಟ್ ಬರೆಯುತ್ತಾರೆ, ಮೇಲಿನವರು ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಇಂಡೆಂಟ್ ಎಂದರೆ ಬೇಡಿಕೆ ಪಟ್ಟಿ. ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು ಎಂದು ಮೂರು ಕಾಲಂ. ನಾವು ಕಲಿಯುವ ದಾಸ್ತಾನು ಖಾತೆಯೇ ಇದು.

ವಾರ್ಡಿನೊಳಗೆ ಔಷಧ ಹಂಚಲು ಮುಖ್ಯವಾಗಿ ಮೂರು ಪದ್ಧತಿಗಳಿವೆ.

ಮೊದಲನೆಯದು ವಾರ್ಡ್ ದಾಸ್ತಾನು ಪದ್ಧತಿ. ಹೆಚ್ಚು ಬಳಕೆಯಾಗುವ ಔಷಧಗಳನ್ನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ವಾರ್ಡಿನ ಬೀರುವಿಗೆ ತುಂಬಿಸಿಡುತ್ತಾರೆ. ವೈದ್ಯರು ಬರೆದಂತೆ ನರ್ಸ್ ಅದರಿಂದ ತೆಗೆದು ಕೊಡುತ್ತಾರೆ. ರಾತ್ರಿ ಎರಡು ಗಂಟೆಗೆ ಬೇಕಾದರೂ ಔಷಧ ಕೈಗೆ ಸಿಗುತ್ತದೆ. ಆದರೆ ಯಾರಿಗೆ ಎಷ್ಟು ಹೋಯಿತು ಎಂದು ಹಿಡಿಯುವುದು ಕಷ್ಟ. ಅವಧಿ ಮೀರಿದ ಸರಕು ಮೂಲೆಯಲ್ಲಿ ಉಳಿಯುತ್ತದೆ. ಒಂದೇ ತರಹ ಕಾಣುವ ಎರಡು ಡಬ್ಬಗಳು ಅಕ್ಕಪಕ್ಕ ಕೂರುತ್ತವೆ.

ಎರಡನೆಯದು ರೋಗಿವಾರು ಪದ್ಧತಿ. ಪ್ರತಿ ರೋಗಿಯ ಹೆಸರಿನಲ್ಲಿ ಚೀಟಿ ಹೋಗಿ ಫಾರ್ಮಸಿಯಿಂದ ಅವರ ಔಷಧ ಬರುತ್ತದೆ. ಲೆಕ್ಕ ಚೊಕ್ಕ. ಚೀಟಿಯನ್ನು ನರ್ಸ್ ಒಮ್ಮೆ, ಫಾರ್ಮಸಿಸ್ಟ್ ಒಮ್ಮೆ ನೋಡುವುದರಿಂದ ತಪ್ಪು ಕಣ್ಣಿಗೆ ಬೀಳುವ ಅವಕಾಶ ಹೆಚ್ಚು. ಆದರೆ ಓಡಾಟ ಜಾಸ್ತಿ, ಕಾಯುವುದು ಜಾಸ್ತಿ.

ಮೂರನೆಯದು ಒಂದೊಂದೇ ಡೋಸಿನ ಪದ್ಧತಿ. ಒಬ್ಬ ರೋಗಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇಕಾದ ಒಂದೊಂದು ಡೋಸನ್ನೂ ಫಾರ್ಮಸಿಯೇ ಬೇರೆ ಬೇರೆ ಪೊಟ್ಟಣ ಮಾಡಿ ಹೆಸರು ಬರೆದು ಕಳಿಸುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ತಪ್ಪುಗಳು ಕಡಿಮೆಯಾದವು. ಇದಕ್ಕೆ ಫಾರ್ಮಸಿಯಲ್ಲಿ ಹೆಚ್ಚು ಜನ ಬೇಕು, ಜಾಗ ಬೇಕು, ಹಣ ಬೇಕು. ಹಾಗಾಗಿ ಬಹಳ ಕಡೆ ಮೊದಲೆರಡು ಪದ್ಧತಿಗಳನ್ನು ಸೇರಿಸಿ ಬಳಸುತ್ತಾರೆ.

ಕಾಗದದ ಮೇಲೆ ನೋಡಿದರೆ ಯಾವುದು ಒಳ್ಳೆಯದು ಎಂದು ಹೇಳುವುದು ಸುಲಭ. ಆದರೆ ಪದ್ಧತಿಯನ್ನು ನಡೆಸುವವರು ಮನುಷ್ಯರು.

ಒಂದೇ ಪುಸ್ತಕ, ನಾಲ್ಕು ದೃಷ್ಟಿ

ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಜಿಎನ್‌ಎಂ ಓದಿ ಬೇರೆ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದಾರೆ. ರಜೆಗೆ ಬಂದಾಗ ಅವರನ್ನು ಕೂರಿಸಿಕೊಂಡು ಈ ವಿಷಯ ಕೇಳಿದೆ. ಅವರು ಹೇಳಿದ ಒಂದು ಸಂಗತಿ ಈ ಲೇಖನಕ್ಕೆಲ್ಲ ಬುನಾದಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರ ಕೈಯಿಂದ ಒಂದು ಆಂಟಿಬಯಾಟಿಕ್ ಇಂಜೆಕ್ಷನ್ ಬಾಟಲಿ ಜಾರಿ ಒಡೆಯಿತು. ಪುಸ್ತಕದಲ್ಲಿ ‘ಒಡೆದಿದೆ, 1’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರು. ತಿಂಗಳ ಕೊನೆಗೆ ಸಂಬಳದಲ್ಲಿ ಅದರ ಬೆಲೆ ಹಿಡಿದುಕೊಂಡರು. ಆಗ ಹಿರಿಯ ಸಿಸ್ಟರ್ ಒಬ್ಬರು ಬೀರುವಿನ ಕೆಳಗಿನ ಖಾನೆಯಲ್ಲಿದ್ದ ಒಂದು ಬಿಸ್ಕೆಟ್ ಡಬ್ಬ ತೋರಿಸಿದರಂತೆ. ‘ಇನ್ನು ಮೇಲೆ ಒಡೆದರೆ ಬರೀಬೇಡ. ಇದರಿಂದ ಒಂದು ತೆಗೆದು ಅಲ್ಲಿ ಇಡು’ ಎಂದರಂತೆ. ಆ ಡಬ್ಬದಲ್ಲಿ ಇದ್ದದ್ದು ಡಿಸ್ಚಾರ್ಜ್ ಆದವರ, ಔಷಧ ಬದಲಾಯಿಸಿದವರ, ತೀರಿಕೊಂಡವರ ಹೆಸರಿನಲ್ಲಿ ಬಂದು ಬಳಕೆಯಾಗದೆ ಉಳಿದ ಇಂಜೆಕ್ಷನ್‌ಗಳು. ಅವುಗಳ ಹಣವನ್ನು ಯಾವುದೋ ಮನೆಯವರು ಆಗಲೇ ಬಿಲ್ಲಿನಲ್ಲಿ ಕಟ್ಟಿದ್ದರು.

‘ಈಗ ಹೇಳು ಬೇಟಾ, ನಿನ್ನ ಕಾಮರ್ಸ್ ಪುಸ್ತಕದಲ್ಲಿ ಆ ಡಬ್ಬಕ್ಕೆ ಏನಂತಾರೆ?’ ಎಂದು ಖಾಲಾ ಕೇಳಿದರು. ಪುಸ್ತಕದ ದಾಸ್ತಾನು ಬೇರೆ, ಎಣಿಸಿದಾಗ ಸಿಗುವ ದಾಸ್ತಾನು ಬೇರೆ ಎಂದು ನಾವು ಓದಿದ್ದೇವೆ. ಆದರೆ ಎಣಿಸುವವರ ಕಣ್ಣಿಗೂ ಬೀಳದ ಮೂರನೆಯ ದಾಸ್ತಾನೊಂದು ಇದೆ ಎಂದು ನಾನು ಎಲ್ಲೂ ಓದಿರಲಿಲ್ಲ.

ಖಾಲಾ ಕೆಟ್ಟ ನರ್ಸ್ ಅಲ್ಲ. ಆ ಹಿರಿಯ ಸಿಸ್ಟರೂ ಕಳ್ಳಿಯಲ್ಲ, ಆ ಡಬ್ಬದಿಂದ ಒಂದನ್ನೂ ಅವರು ಮನೆಗೆ ಒಯ್ದವರಲ್ಲ. ನಿಜ ಬರೆದವರಿಗೆ ದಂಡ ಬೀಳುವ ಪುಸ್ತಕದಲ್ಲಿ ನಿಜ ಉಳಿಯುವುದಿಲ್ಲ, ಅಷ್ಟೇ.

ಮಿಕ್ಕವರ ದೃಷ್ಟಿಯನ್ನೂ ನೋಡಬೇಕು. ಫಾರ್ಮಸಿಸ್ಟರ ತಲೆಯ ಮೇಲೆ ಎರಡು ಭಾರ. ಔಷಧ ಮುಗಿದರೆ ಬೈಸಿಕೊಳ್ಳುವವರು ಅವರು, ಅವಧಿ ಮೀರಿ ಉಳಿದರೆ ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡುವವರೂ ಅವರೇ. ಆದ್ದರಿಂದ ಕೇಳಿದ್ದಕ್ಕಿಂತ ಕಡಿಮೆ ಕೊಡುವುದು ಅವರಿಗೆ ಕ್ಷೇಮ. ನರ್ಸ್‌ಗಳಿಗೆ ಅದು ಜಿಪುಣತನವಾಗಿ ಕಾಣುತ್ತದೆ. ಅವರು ಜಾಸ್ತಿ ಕೇಳುತ್ತಾರೆ. ಫಾರ್ಮಸಿಸ್ಟರಿಗೆ ಅದು ದುರಾಸೆಯಾಗಿ ಕಾಣುತ್ತದೆ. ವೈದ್ಯರಿಗೆ ರೋಗಿಯ ಮೇಲೆ ಗಮನ. ಸ್ಟೋರಿನಲ್ಲಿ ಯಾವುದಿದೆ ಎಂಬ ಪಟ್ಟಿ ಅವರ ಮೇಜಿಗೆ ಬರದಿದ್ದರೆ ಇಲ್ಲದ ಔಷಧವನ್ನೇ ಬರೆಯುತ್ತಾರೆ. ಇಂಡೆಂಟ್ ಪುಸ್ತಕ ಹಿಡಿದು ಸ್ಟೋರಿನ ಮುಂದೆ ನಿಲ್ಲುವ ಗ್ರೂಪ್ ಡಿ ನೌಕರರಿಗೆ ಒಂದೇ ಚಿಂತೆ. ಒಂದು ಸಲಕ್ಕೆ ಎಲ್ಲ ಸಿಕ್ಕರೆ ಸಾಕು, ಮತ್ತೆ ಬರುವಂತಾಗಬಾರದು. ಹೀಗೆ ಒಂದೇ ಪುಸ್ತಕವನ್ನು ನಾಲ್ಕು ಜನ ನಾಲ್ಕು ರೀತಿ ನೋಡುತ್ತಾರೆ. ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ನಿಂತು ನೋಡಿದರೆ ಸರಿಯೇ.

ಒಂದು ಲೆಕ್ಕ ಮಾಡಿ ನೋಡೋಣ

ಎಲ್ಲರೂ ಅವರವರ ಮಟ್ಟಿಗೆ ಸರಿಯಾಗಿದ್ದರೂ ರೋಗಿಗೆ ಔಷಧ ಏಕೆ ಸಿಗುವುದಿಲ್ಲ? ಇದನ್ನು ಅರ್ಥ ಮಾಡಿಕೊಳ್ಳಲು ನಾನೇ ಒಂದು ಕಾಲ್ಪನಿಕ ಲೆಕ್ಕ ಹಾಕಿದೆ.

ಒಂದು ಆಸ್ಪತ್ರೆಯಲ್ಲಿ 4 ವಾರ್ಡ್‌ಗಳಿವೆ ಎಂದುಕೊಳ್ಳಿ. ಪ್ರತಿ ವಾರ್ಡಿಗೂ ಒಂದು ಇಂಜೆಕ್ಷನ್ ದಿನಕ್ಕೆ 10 ಬೇಕು. ಅಂದರೆ ವಾರಕ್ಕೆ ಒಂದು ವಾರ್ಡಿಗೆ 70, ನಾಲ್ಕಕ್ಕೆ 280. ಮುಖ್ಯ ಸ್ಟೋರಿನಲ್ಲಿ 1,200 ಇವೆ. ಸರಿಯಾಗಿ ನಡೆದರೆ ನಾಲ್ಕು ವಾರಕ್ಕೆ 1,120 ಖರ್ಚಾಗಿ 80 ಉಳಿಯಬೇಕು. ಅಷ್ಟರಲ್ಲಿ ಹೊಸ ಸರಕು ಬರುತ್ತದೆ.

ಆದರೆ ಹಿಂದೆ ಯಾವಾಗಲೋ ಒಮ್ಮೆ ಔಷಧ ಮುಗಿದು ಎಲ್ಲರೂ ಕಷ್ಟಪಟ್ಟಿದ್ದರು. ಆ ಹೆದರಿಕೆಯಿಂದ ಪ್ರತಿ ವಾರ್ಡ್ ವಾರಕ್ಕೆ 70ರ ಬದಲು 85 ಬರೆಯುತ್ತದೆ. ಹೆಚ್ಚಿನ 15 ಡಬ್ಬಕ್ಕೆ ಹೋಗುತ್ತವೆ. ಸ್ಟೋರಿನಿಂದ ವಾರಕ್ಕೆ 340 ಹೊರಡುತ್ತವೆ. ಮೂರು ವಾರಕ್ಕೆ 1,020. ಉಳಿದದ್ದು 180. ನಾಲ್ಕನೆಯ ವಾರದ ಬೇಡಿಕೆ 340. ಫಾರ್ಮಸಿಸ್ಟ್ ತಲೆ ಮೇಲೆ ಕೈ ಹೊತ್ತು ಪ್ರತಿ ವಾರ್ಡಿಗೂ 45 ಕೊಟ್ಟು ‘ಸ್ಟಾಕ್ ಮುಗಿಯಿತು’ ಎಂದು ಬರೆಯುತ್ತಾರೆ.

ಈಗ ಡಬ್ಬಗಳನ್ನು ಎಣಿಸಿ. ಮೂರು ವಾರ, ನಾಲ್ಕು ವಾರ್ಡ್, ವಾರಕ್ಕೆ 15. ಒಟ್ಟು 180. ಸ್ಟೋರಿನಲ್ಲಿದ್ದ 180, ಡಬ್ಬಗಳಲ್ಲಿರುವ 180 ಸೇರಿದರೆ 360. ಆ ವಾರಕ್ಕೆ ನಿಜವಾಗಿ ಬೇಕಾದದ್ದು 280. ಆಸ್ಪತ್ರೆಯಲ್ಲಿ ಬೇಕಾದದ್ದಕ್ಕಿಂತ 80 ಜಾಸ್ತಿ ಔಷಧವಿದೆ. ಆದರೂ ಪುಸ್ತಕದಲ್ಲಿ ಕೊರತೆ. ಡಬ್ಬ ಇಟ್ಟುಕೊಂಡಿಲ್ಲದ ವಾರ್ಡ್ ಯಾವುದಾದರೂ ಇದ್ದರೆ ಅಲ್ಲಿಯ ರೋಗಿಯ ಕಡೆಯವರ ಕೈಗೆ ಹೊರಗಿನ ಚೀಟಿ ಬರುತ್ತದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ‘ನೋಡಿದಿರಾ, ಮುಗಿದೇ ಹೋಯಿತು, ಇಟ್ಟುಕೊಂಡಿದ್ದಕ್ಕೆ ಬಚಾವಾದೆವು’ ಎಂದು ಎಲ್ಲ ವಾರ್ಡ್‌ಗಳೂ ಮುಂದಿನ ತಿಂಗಳು 100 ಬರೆಯುತ್ತವೆ. ಹೆದರಿಕೆ ಕೊರತೆಯನ್ನು ಹುಟ್ಟಿಸುತ್ತದೆ, ಕೊರತೆ ಹೆದರಿಕೆಯನ್ನು ನಿಜ ಮಾಡುತ್ತದೆ. ಮೇಲಿನ ಉಗ್ರಾಣಕ್ಕೆ ಹೋಗುವ ವಾರ್ಷಿಕ ಬೇಡಿಕೆಯೂ ಇದೇ ಸುಳ್ಳು ಅಂಕಿಗಳಿಂದ ತಯಾರಾಗುತ್ತದೆ. ಮರುಆದೇಶ ಮಟ್ಟ, ಸುರಕ್ಷಾ ದಾಸ್ತಾನು ಎಂದು ನಾವು ಕಲಿಯುವ ಸೂತ್ರಗಳೆಲ್ಲ ‘ದಿನದ ಬಳಕೆ’ ಎಂಬ ಒಂದು ಅಂಕಿಯ ಮೇಲೆ ನಿಂತಿವೆ. ಆ ಅಂಕಿಯೇ ಹೆದರಿಕೆಯ ಅಂಕಿಯಾದರೆ ಸೂತ್ರ ಏನು ಮಾಡೀತು?

ಡಬ್ಬದಲ್ಲಿ ಇನ್ನೂ ಎರಡು ಅಪಾಯಗಳಿವೆ. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸ್ಕೆಟ್ ಡಬ್ಬಕ್ಕೆ ಫ್ರಿಜ್ ಎಲ್ಲಿಂದ ಬರಬೇಕು? ಅದು ನೋಡಲು ಔಷಧದಂತೆಯೇ ಇರುತ್ತದೆ, ಶಕ್ತಿ ಮಾತ್ರ ಕಡಿಮೆಯಾಗಿರುತ್ತದೆ. ಇದು ಒಂದು.

ಎರಡನೆಯದು ಇನ್ನೂ ದೊಡ್ಡದು. 2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿಯಲ್ಲಿ ನಡೆದದ್ದು ನಮಗೆಲ್ಲ ನೆನಪಿದೆ. ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಡ್ರಿಪ್ ಮೂಲಕ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು, ಆ ಕಂಪನಿಯ ದ್ರಾವಣವನ್ನು ಬಳಸದಂತೆ ಸರ್ಕಾರ ತಡೆಯಿತು. ಇಂಥ ಆದೇಶ ಬಂದ ದಿನ ಪ್ರತಿ ಆಸ್ಪತ್ರೆಯೂ ಮಾಡಬೇಕಾದ ಕೆಲಸ ಒಂದೇ. ಬ್ಯಾಚ್ ನಂಬರ್ ಹಿಡಿದು ಆ ಬಾಟಲಿಗಳು ಎಲ್ಲೆಲ್ಲಿವೆ ಎಂದು ಪುಸ್ತಕದಲ್ಲಿ ನೋಡಿ ಹಿಂದಕ್ಕೆ ತರಿಸುವುದು. ಪುಸ್ತಕದಲ್ಲಿ ಇರುವುದೆಲ್ಲ ಹಿಂದಕ್ಕೆ ಬರುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಬರುವುದಿಲ್ಲ. ಒಳ್ಳೆಯ ಮನಸ್ಸಿನಿಂದ, ರೋಗಿಗೆ ಕಷ್ಟ ಕಾಲಕ್ಕೆ ಬೇಕಾದೀತು ಎಂದು ಮುಚ್ಚಿಟ್ಟ ಬಾಟಲಿಯೇ ಆ ದಿನ ಅಪಾಯದ ಬಾಟಲಿಯಾಗಬಹುದು.

ಬರೆಯದ ತಪ್ಪುಗಳು

1962ರಲ್ಲಿ ಅಮೆರಿಕದ ಕೆನೆತ್ ಬಾರ್ಕರ್ ಮತ್ತು ವಾರೆನ್ ಮೆಕಾನೆಲ್ ಎಂಬ ಇಬ್ಬರು ಆಸ್ಪತ್ರೆಯಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಹೇಗೆ ಪತ್ತೆ ಮಾಡಬಹುದು ಎಂದು ಅಧ್ಯಯನ ಮಾಡಿದರು. ಸಿಬ್ಬಂದಿ ತಾವೇ ಬರೆದುಕೊಟ್ಟ ತಪ್ಪಿನ ವರದಿಗಳನ್ನು ಒಂದು ಕಡೆ ಇಟ್ಟರು. ಇನ್ನೊಂದು ಕಡೆ, ಔಷಧ ಕೊಡುವ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತು ನೋಡಿ ವೈದ್ಯರ ಚೀಟಿಯೊಂದಿಗೆ ಹೋಲಿಸಿದರು. ನಿಂತು ನೋಡಿದಾಗ ಸಿಕ್ಕ ತಪ್ಪುಗಳ ಮುಂದೆ ವರದಿಯಾದ ತಪ್ಪುಗಳು ಏನೇನೂ ಅಲ್ಲದಷ್ಟು ಕಡಿಮೆ ಇದ್ದವು. ಎಷ್ಟೋ ತಪ್ಪುಗಳು ಮಾಡಿದವರಿಗೇ ಗೊತ್ತಾಗಿರುವುದಿಲ್ಲ. ಗೊತ್ತಾದವರಿಗೂ ಬರೆಯಲು ಧೈರ್ಯ ಬೇಕು. ‘ನಮ್ಮಲ್ಲಿ ತಪ್ಪೇ ಇಲ್ಲ’ ಎನ್ನುವ ಪುಸ್ತಕ ಯಾಕೆ ಅನುಮಾನ ಹುಟ್ಟಿಸಬೇಕು ಎಂಬುದಕ್ಕೆ ಇದು ಉತ್ತರ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧದಿಂದ ಆಗುವ, ತಡೆಯಬಹುದಾದ ತೀವ್ರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕೆಂದು ಎಲ್ಲ ದೇಶಗಳಿಗೂ ಕರೆ ಕೊಟ್ಟಿತು. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ರೋಗಿ ಸುರಕ್ಷತಾ ದಿನ ಆಚರಿಸುತ್ತಾರೆ. ನರ್ಸಿಂಗ್ ಓದುವವರಿಗೆ ‘ಐದು ಸರಿ’ಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಇವೆಲ್ಲ ನರ್ಸ್ ಮಾಡಬೇಕಾದ ಕೆಲಸಗಳು. ಆದರೆ ಒಬ್ಬರೇ ನರ್ಸ್ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡ್ ನೋಡಿಕೊಂಡು, ಡಬ್ಬ ಡಬ್ಬ ಒಂದೇ ಬಣ್ಣದ ಬೀರುವಿನಿಂದ ಔಷಧ ತೆಗೆಯುವಾಗ ಆ ಐದನ್ನೂ ಕಾಯುವ ಹೊಣೆಯನ್ನು ಪದ್ಧತಿಯೂ ಹಂಚಿಕೊಳ್ಳಬೇಡವೇ?

ಹಂಚಿಕೊಂಡ ಉದಾಹರಣೆ ಇದೆ. ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ ಗಾಢವಾಗಿರುತ್ತದೆ. ತೆಳುವಾಗಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ನೋಡಲು ನೀರಿನಂತೆ, ಬೇರೆ ಇಂಜೆಕ್ಷನ್‌ಗಳಂತೆಯೇ ಇರುತ್ತದೆ. 1998ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಇದರಿಂದಾದ ಸಾವುಗಳ ಬಗ್ಗೆ ಎಚ್ಚರಿಕೆ ಹೊರಡಿಸಿ, ಇದನ್ನು ವಾರ್ಡಿನ ಬೀರುವಿನಿಂದಲೇ ತೆಗೆದುಬಿಡಿ ಎಂದು ಸೂಚಿಸಿತು. ‘ಎಚ್ಚರವಾಗಿರಿ’ ಎಂದು ನರ್ಸ್‌ಗಳಿಗೆ ಬೋರ್ಡ್ ಹಾಕುವುದಕ್ಕಿಂತ, ತಪ್ಪು ಮಾಡಲು ಬಾಟಲಿಯೇ ಕೈಗೆ ಸಿಗದಂತೆ ಮಾಡುವುದು ಮೇಲು. ಇಂಥ ಬದಲಾವಣೆಯನ್ನು ಸಿಬ್ಬಂದಿ ತಮ್ಮನ್ನು ಕಾಯುವ ಬದಲಾವಣೆ ಎಂದು ನೋಡಬಹುದು, ಅನುಮಾನಿಸುವ ಬದಲಾವಣೆ ಎಂದಲ್ಲ.

ಅಮಾನತ್ ಮತ್ತು ಅಮಾನತು

ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಕೊಟ್ಟ ವಸ್ತು. ನೆರೆಯವರು ಊರಿಗೆ ಹೋಗುವಾಗ ಒಡವೆ ಕೊಟ್ಟು ಹೋದರೆ ಅದು ಅಮಾನತ್. ನಮ್ಮದಲ್ಲ, ಆದರೆ ನಮ್ಮದಕ್ಕಿಂತ ಹೆಚ್ಚು ಜೋಪಾನ ಮಾಡಬೇಕು. ಅದೇ ಪದ ಕನ್ನಡಕ್ಕೆ ಬಂದು ಕಚೇರಿ ಸೇರಿದ ಮೇಲೆ ‘ಅಮಾನತು’ ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವುದು. ಪತ್ರಿಕೆಯಲ್ಲಿ ದಿನವೂ ಓದುತ್ತೇವೆ. ‘ನಿರ್ಲಕ್ಷ್ಯ: ಮೂವರು ಸಿಬ್ಬಂದಿ ಅಮಾನತು.’

ಔಷಧದ ಪುಸ್ತಕದ ಮುಂದೆ ಕುಳಿತ ನರ್ಸ್ ಮನಸ್ಸಿನಲ್ಲಿ ಈ ಎರಡರಲ್ಲಿ ಯಾವ ಅರ್ಥ ಇದೆ ಎಂಬುದರ ಮೇಲೆ ಆ ಪುಸ್ತಕದ ಸತ್ಯ ನಿಂತಿದೆ ಎಂದು ನನಗೆ ಅನ್ನಿಸುತ್ತದೆ. ಇದು ರೋಗಿಗಳ ಅಮಾನತ್ ಎಂದುಕೊಂಡವರು ಒಡೆದದ್ದನ್ನು ಒಡೆದಿದೆ ಎಂದು ಬರೆಯುತ್ತಾರೆ. ಇದರಿಂದ ನಾನು ಅಮಾನತು ಆಗುತ್ತೇನೆ ಎಂದುಕೊಂಡವರು ಲೆಕ್ಕ ಸರಿಹೊಂದುವ ಹಾಗೆ ಬರೆಯುತ್ತಾರೆ. ಎರಡನೆಯ ಪುಸ್ತಕ ನೋಡಲು ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಆಡಿಟರ್ ಬಂದರೆ ಅದಕ್ಕೇ ಹೆಚ್ಚು ಅಂಕ.

ಹಾಗೆಂದು ಶಿಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಔಷಧವನ್ನು ಹೊರಗೆ ಮಾರುವವರಿಗೆ ಶಿಕ್ಷೆ ಆಗಲೇಬೇಕು. ಮಾರ್ಫಿನ್‌ನಂಥ ಔಷಧಗಳಿಗೆ ಎರಡು ಬೀಗ, ಬೇರೆ ರಿಜಿಸ್ಟರ್, ಖಾಲಿ ಆಂಪ್ಯೂಲ್ ಸಹ ಎಣಿಸಿ ಒಪ್ಪಿಸುವ ಕಟ್ಟುನಿಟ್ಟು ಇದೆ, ಇರಬೇಕು. ಆದರೆ ಕಳ್ಳತನಕ್ಕೂ ಕೈಜಾರಿದ್ದಕ್ಕೂ ಒಂದೇ ಕಾಲಂ, ಒಂದೇ ದಂಡ ಇಟ್ಟರೆ ಕೈಜಾರಿದವರೂ ಕಳ್ಳರ ಉಪಾಯವನ್ನೇ ಕಲಿಯುತ್ತಾರೆ.

ಏನು ಮಾಡಬಹುದು?

ಫ್ರೆಡರಿಕ್ ಟೇಲರ್ ಅವರ ವೈಜ್ಞಾನಿಕ ನಿರ್ವಹಣೆಯನ್ನು ಓದುವಾಗ ನಾವು ಸಮಯ ಅಧ್ಯಯನ, ಚಲನೆ ಅಧ್ಯಯನ ಎಂದು ಬರೆಯುತ್ತೇವೆ. ಆದರೆ ಟೇಲರ್ ಎಲ್ಲಕ್ಕೂ ಮೂಲ ಎಂದದ್ದು ‘ಮಾನಸಿಕ ಕ್ರಾಂತಿ’ಯನ್ನು. ಆಡಳಿತದವರೂ ಕೆಲಸಗಾರರೂ ಒಬ್ಬರನ್ನೊಬ್ಬರು ನೋಡುವ ರೀತಿ ಬದಲಾಗದಿದ್ದರೆ ಉಳಿದ ತಂತ್ರಗಳು ನಡೆಯುವುದಿಲ್ಲ ಎಂದು. ಆಸ್ಪತ್ರೆಯ ಔಷಧದ ವಿಷಯದಲ್ಲಿ ಆ ಬದಲಾವಣೆ ಭಾಷಣದಿಂದ ಬರುವುದಿಲ್ಲ, ಸಣ್ಣ ಸಣ್ಣ ಏರ್ಪಾಡುಗಳಿಂದ ಬರುತ್ತದೆ.

ತಮಿಳುನಾಡಿನ ಉದಾಹರಣೆ ನೋಡಿ. 1994ರಲ್ಲಿ ಅಲ್ಲಿ ವೈದ್ಯಕೀಯ ಸೇವೆಗಳ ನಿಗಮ ಸ್ಥಾಪನೆಯಾಯಿತು. ಅದರ ಒಂದು ಏರ್ಪಾಡು ಪಾಸ್‌ಬುಕ್. ಬ್ಯಾಂಕಿನಲ್ಲಿ ನಮಗೆ ಇರುವಂತೆ ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಅದರಲ್ಲಿ ಆಸ್ಪತ್ರೆಗೆ ಹಂಚಿಕೆಯಾದ ಮೊತ್ತ ಇರುತ್ತದೆ. ಜಿಲ್ಲಾ ಉಗ್ರಾಣದಿಂದ ಔಷಧ ಎತ್ತಿದಂತೆಲ್ಲ ಅದರ ಬೆಲೆ ಕಳೆಯುತ್ತ ಹೋಗುತ್ತದೆ. ‘ಮೇಲಿನವರು ಏನು ಕೊಡುತ್ತಾರೋ’ ಎಂಬ ಆತಂಕದ ಜಾಗದಲ್ಲಿ ‘ನಮ್ಮದು ಇನ್ನು ಇಷ್ಟಿದೆ’ ಎಂಬ ಅಂಕಿ ಬರುತ್ತದೆ. ಬಾಕಿ ಎಷ್ಟಿದೆ ಎಂದು ಕಣ್ಣಿಗೆ ಕಾಣುವಾಗ ಮುಚ್ಚಿಡುವ ಅಗತ್ಯ ಕಡಿಮೆಯಾಗುತ್ತದೆ. ವಾರ್ಡ್ ಮಟ್ಟದಲ್ಲೂ ಇದನ್ನು ಮಾಡಬಹುದು. ಸ್ಟೋರಿನಲ್ಲಿ ಇಂದು ಏನೇನು ಎಷ್ಟೆಷ್ಟಿದೆ ಎಂದು ದಿನವೂ ಒಂದು ಹಾಳೆ ವಾರ್ಡಿಗೂ ವೈದ್ಯರ ಮೇಜಿಗೂ ಹೋದರೆ ಸಾಕು.

ಎಲ್ಲ ಔಷಧಕ್ಕೂ ಒಂದೇ ಕಾವಲು ಬೇಡ. ದಾಸ್ತಾನನ್ನು ಬೆಲೆಯ ಪ್ರಕಾರ ಎ, ಬಿ, ಸಿ ಎಂದು ವಿಂಗಡಿಸುವುದುಂಟು. ಆಸ್ಪತ್ರೆಗಳಲ್ಲಿ ಇದರ ಜೊತೆಗೆ ಇನ್ನೊಂದು ವಿಂಗಡಣೆ ಇದೆ. ಇಲ್ಲದಿದ್ದರೆ ಜೀವ ಹೋಗುವಂಥವು, ಅಗತ್ಯವಾದವು, ಇದ್ದರೆ ಒಳ್ಳೆಯದು ಎನ್ನುವಂಥವು. ಹಾವು ಕಡಿತದ ಔಷಧ ಅಗ್ಗವೋ ದುಬಾರಿಯೋ ಎಂಬುದು ನಮ್ಮ ಗದ್ದೆ ತೋಟದ ಊರುಗಳಲ್ಲಿ ಎರಡನೆಯ ಪ್ರಶ್ನೆ. ಅದು ಇರಲೇಬೇಕು. ಮೊದಲ ಗುಂಪಿನ ಔಷಧ ಎಂದೂ ಮುಗಿಯುವುದಿಲ್ಲ ಎಂಬ ಭರವಸೆ ಸಿಕ್ಕಿದರೆ ಅರ್ಧ ಡಬ್ಬ ತಾನಾಗಿಯೇ ಖಾಲಿಯಾಗುತ್ತದೆ.

ಒಡೆದದ್ದನ್ನು ಬರೆಯಲು ದಂಡವಿಲ್ಲದ ಕಾಲಂ ಇರಲಿ. ಅಂಗಡಿಯಲ್ಲಿ ನಾವು ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟ ಎಂದು ಬೇರೆ ಮಾಡುವುದಿಲ್ಲವೇ? ಗಾಜಿನ ಬಾಟಲಿ ದಿನವೂ ನೂರು ಕೈ ದಾಟುವ ಕಡೆ ಒಂದೆರಡು ಒಡೆಯುವುದು ಸಾಮಾನ್ಯ ನಷ್ಟ. ಉಳಿದ ಔಷಧವನ್ನು 24 ಗಂಟೆಯೊಳಗೆ ಹಿಂದಿರುಗಿಸಲು ಸುಲಭದ ದಾರಿ ಇರಲಿ, ಖಾಸಗಿ ಆಸ್ಪತ್ರೆಯಾದರೆ ಅದರ ಹಣ ರೋಗಿಯ ಬಿಲ್ಲಿನಲ್ಲಿ ಕಳೆಯಲಿ. ಬೇಗ ಅವಧಿ ಮುಗಿಯುವುದು ಮೊದಲು ಹೊರಡಲಿ. ಹೊಸ ಪದ್ಧತಿ, ಹೊಸ ಕಂಪ್ಯೂಟರ್ ತರುವ ಮೊದಲು ಅದನ್ನು ರಾತ್ರಿ ಪಾಳಿಯಲ್ಲಿ ಬಳಸುವವರನ್ನು ಒಮ್ಮೆ ಕೇಳಲಿ. ‘ಕಂಪ್ಯೂಟರಿಗೂ ಬರೀತೀವಿ, ಪುಸ್ತಕಕ್ಕೂ ಬರೀತೀವಿ, ರೋಗಿ ಹತ್ತಿರ ಯಾವಾಗ ಹೋಗೋದು?’ ಎಂದು ಖಾಲಾ ಕೇಳಿದ ಪ್ರಶ್ನೆಗೆ ಯಾವ ಸಾಫ್ಟ್‌ವೇರ್ ಆದರೂ ಉತ್ತರ ಇಟ್ಟುಕೊಂಡಿರಬೇಕು.

ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಕೆಲವರು ನರ್ಸಿಂಗ್‌ಗೆ, ಫಾರ್ಮಸಿಗೆ ಹೋಗುತ್ತಾರೆ. ಕಾಮರ್ಸ್‌ನವರು ಬಿಕಾಂ ಮಾಡಿ ಲೆಕ್ಕಪತ್ರ, ಆಡಿಟ್ ಕಡೆ ಹೋಗುತ್ತೇವೆ. ಒಂದು ದಿನ ಒಂದೇ ಪುಸ್ತಕದ ಎರಡು ಬದಿಗಳಲ್ಲಿ ನಾವು ಎದುರುಬದುರು ಕೂರಬಹುದು. ಅವರು ಬರೆದವರು, ನಾವು ನೋಡುವವರು. ಆಗ ‘ಎರಡು ಕಡಿಮೆ ಇದೆ, ಯಾರು ತೆಗೆದರು?’ ಎಂಬ ಪ್ರಶ್ನೆ ನಮ್ಮ ಬಾಯಿಗೆ ಮೊದಲು ಬರುತ್ತದೆ. ಅದಕ್ಕಿಂತ ಮೊದಲು ‘ನಿಮಗೆ ಬೇಕಾದದ್ದು ಸಮಯಕ್ಕೆ ಸಿಗುತ್ತಿದೆಯೇ?’ ಎಂದು ಕೇಳಿದರೆ, ಎದುರಿನವರು ಕೆಳಗಿನ ಖಾನೆಯನ್ನೂ ತೆರೆದು ತೋರಿಸಬಹುದು.

ಯೋಚಿಸಲು ಕೆಲವು ಪ್ರಶ್ನೆಗಳು

1. ಮೇಲಿನ ಲೆಕ್ಕದಲ್ಲಿ ಮೂರು ವಾರ್ಡ್‌ಗಳು ಮಾತ್ರ ವಾರಕ್ಕೆ 15 ಹೆಚ್ಚು ಪಡೆದು, ನಾಲ್ಕನೆಯದು 70 ಮಾತ್ರ ಪಡೆದಿದೆ ಎಂದುಕೊಳ್ಳಿ. ಮೂರು ವಾರದ ನಂತರ ಸ್ಟೋರಿನಲ್ಲಿ ಎಷ್ಟು ಉಳಿಯುತ್ತದೆ? ಅದನ್ನು ಸಮನಾಗಿ ಹಂಚಿದರೆ ನಾಲ್ಕನೆಯ ವಾರ್ಡಿನ ರೋಗಿಗಳಿಗೆ ಎಷ್ಟು ದಿನಕ್ಕೆ ಸಾಕಾಗುತ್ತದೆ?

2. ವಾರ್ಡ್ ದಾಸ್ತಾನು ಪದ್ಧತಿ ಮತ್ತು ರೋಗಿವಾರು ಪದ್ಧತಿಗಳಲ್ಲಿ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾವುದು ಸೂಕ್ತ? ಏಕೆ?

3. ‘ನೌಕರರ ಪ್ರತಿರೋಧ’ವನ್ನು ನಿಯಂತ್ರಣದ ಮಿತಿ ಎಂದು ಓದಿದ್ದೇವೆ. ಅದು ಪದ್ಧತಿಯ ದೋಷವನ್ನು ತೋರಿಸುವ ಸೂಚನೆಯೂ ಆಗಬಹುದೇ? ನಿಮ್ಮ ಮನೆಯವರು ಕೆಲಸ ಮಾಡುವ ಜಾಗದಿಂದ ಒಂದು ಉದಾಹರಣೆ ಕೊಡಿ.

4. ಮನೆಯಲ್ಲಿರುವ ಔಷಧದ ಡಬ್ಬವನ್ನು ತೆರೆದು ಪ್ರತಿ ಸ್ಟ್ರಿಪ್ಪಿನ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ತಿಂಗಳನ್ನು ಪಟ್ಟಿ ಮಾಡಿ. ಎಷ್ಟರ ಅವಧಿ ಮುಗಿದಿದೆ? ಎಷ್ಟು ಸ್ಟ್ರಿಪ್ಪುಗಳಲ್ಲಿ ಆ ಭಾಗವನ್ನೇ ಕತ್ತರಿಸಿ ಬಿಸಾಡಲಾಗಿದೆ?